ಹ್ಯಾಮ್‌ಸ್ಟರ್ ಗೂಡಿಗೆ ಫಿನೈಲ್ ಸುರಿಯುವವರಿಗೆ

ಮುಂಬಯಿಗೆ ಮಳೆ ಹಿಡಿದರೆ ಸಾಕು, ಸಣ್ಣ ಸಾಕುಪ್ರಾಣಿಗಳ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ನಾತದ ಪುರಾಣವೇ. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪುಟ್ಟ ಪ್ರಾಣಿಯ ನಾತ, ಗಿನಿಪಿಗ್ ನಾತ, ಬಿಳಿ ಇಲಿಯ ನಾತ. ಹೋದ ವರ್ಷವೂ ಇದನ್ನೇ ಬರೆದಿದ್ದೆ. ಈ ವರ್ಷವೂ ಅದೇ ಫಿನೈಲು, ಅದೇ ಅಗರಬತ್ತಿ. ಏನು ತಿನ್ನಿಸಬೇಕು, ಗೂಡಿನೊಳಗೆ ಅದು ಓಡುವ ಚಕ್ರ ಎಷ್ಟು ದೊಡ್ಡದಿರಬೇಕು ಎಂದೆಲ್ಲ ಇಲ್ಲಿ ಹೇಳುತ್ತ ಕೂರುವುದಿಲ್ಲ. ಪ್ರಾಣಿಯನ್ನು ಮನೆಗೆ ತರುವ ಮೊದಲೇ ತಿಳಿದಿರಬೇಕಾದ ಮಾತು ಅವು.

ಪ್ರಶ್ನೆ: ಡೊಂಬಿವಲಿಯಲ್ಲಿ ಒನ್ ಬಿಎಚ್‌ಕೆ ನಮ್ಮದು. ಮಗಳ ಹಟಕ್ಕೆ ಹ್ಯಾಮ್‌ಸ್ಟರ್ ತಂದೆವು. ದಿನಾ ಗೂಡನ್ನು ಪೂರ್ತಿ ಖಾಲಿ ಮಾಡಿ, ಫಿನೈಲ್ ಹಾಕಿ ತೊಳೆದು, ಹೊಸ ಮರದ ಹೊಟ್ಟು ಹಾಕುತ್ತೇನೆ. ಸಂಜೆಯೊಳಗೆ ಮತ್ತೆ ಗಬ್ಬು. ಅಂಗಡಿಯವನು ಕೊಟ್ಟ ಸುವಾಸನೆಯ ಪುಡಿಯನ್ನೂ ಹಾಕಿ ನೋಡಿದ್ದಾಯಿತು. ಅತ್ತೆಯವರು "ಅದಾದರೂ ಇರಬೇಕು, ನಾನಾದರೂ ಇರಬೇಕು" ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ದಿನಾ ತೊಳೆಯುವುದನ್ನು ಮೊದಲು ನಿಲ್ಲಿಸಿ ತಾಯಿ. ಹ್ಯಾಮ್‌ಸ್ಟರಿಗೆ ಕಣ್ಣು ಮಂದ, ಮೂಗೇ ಎಲ್ಲ. ಸಿರಿಯನ್ ಎಂಬ ದೊಡ್ಡ ಜಾತಿಗೆ ಎರಡೂ ಪಕ್ಕೆಯಲ್ಲಿ, ಕುಳ್ಳ ಜಾತಿಗಳಿಗೆ ಹೊಟ್ಟೆಯ ನಡುವೆ ವಾಸನೆಯ ಗ್ರಂಥಿ ಇರುತ್ತದೆ. ಅದನ್ನು ಅಲ್ಲಲ್ಲಿ ತಿಕ್ಕಿ ಮನೆ ತನ್ನದೆಂದು ಗುರುತು ಹಾಕಿಕೊಳ್ಳುತ್ತದೆ. ನೀವು ಬೆಳಗ್ಗೆ ಅಷ್ಟನ್ನೂ ಅಳಿಸಿ ಫಿನೈಲಿನ ಘಾಟು ತುಂಬಿದರೆ ಅದು ಗಾಬರಿಬಿದ್ದು ಮೂಲೆಮೂಲೆಗೂ ಹೊಸದಾಗಿ ಗುರುತು ಹಾಕುತ್ತದೆ. ನೀವು ತೊಳೆದಷ್ಟೂ ಅದು ಬಳಿಯುತ್ತದೆ. ಫಿನೈಲು ಅದರ ಅಂಗಾಲಿಗೆ, ಶ್ವಾಸಕ್ಕೆ ಮಾಡುವ ಕೇಡು ಬೇರೆ.

ನಿಜವಾದ ನಾತ ಇರುವುದು ಉಚ್ಚೆಯಲ್ಲಿ, ಅದೂ ಹಳೆಯ ಉಚ್ಚೆಯಲ್ಲಿ. ಹೊಯ್ದ ಕೂಡಲೇ ಅಷ್ಟೇನೂ ನಾರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಅವಕ್ಕೆ ತೇವ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಲ್ಲಿ ಹಪ್ಪಳವೇ ಮೆತ್ತಗಾಗುವಾಗ ಗೂಡಿನ ಹೊಟ್ಟು ಹೇಗೆ ಒಣಗೀತು? ಹ್ಯಾಮ್‌ಸ್ಟರಿನ ಮೂಗು ಇರುವುದು ಆ ಹೊಟ್ಟಿಗೆ ತಾಗಿಕೊಂಡೇ. ನಿಮಗೆ ನಾತ ಬರುವಷ್ಟರಲ್ಲಿ ಅದಕ್ಕೆ ಕಣ್ಣಲ್ಲಿ ನೀರು, ಸೀನು ಶುರುವಾಗಿರುತ್ತದೆ. ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. ಇಡೀ ದಿನ ಮನೆಯಲ್ಲೇ ಇರುವವರ ಮೂಗು ಅಮೋನಿಯಾಕ್ಕೆ ಒಗ್ಗಿಹೋಗಿರುತ್ತದೆ. ಅತ್ತೆಯವರು ದೇವಸ್ಥಾನದಿಂದ ಬಂದು ಚಪ್ಪಲಿ ಬಿಡುವಾಗಲೇ ನಾತ ಎಂದರೆ ಅದು ನಾತವೇ.

ಇನ್ನು ಕೆಲಸಕ್ಕೆ ಬನ್ನಿ. ಹ್ಯಾಮ್‌ಸ್ಟರ್ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ. ಬೆರಳಿಂದ ಹೊಟ್ಟು ಸರಿಸಿ ನೋಡಿ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಹಳದಿಗಟ್ಟಿ, ಹಿಟ್ಟು ಕಲಸಿದ ಹಾಗೆ ಮುದ್ದೆಯಾಗಿ, ತಳಕ್ಕೆ ಬಿಳಿ ಪೊರೆ ಅಂಟಿಕೊಂಡಿರುತ್ತದೆ. ಒಂದು ಹಳೆಯ ಚಮಚ ಇಟ್ಟುಕೊಂಡು ದಿನಾ ಆ ಮುದ್ದೆಯನ್ನಷ್ಟೇ ಎತ್ತಿಹಾಕಿ. ಬಿಳಿ ಪೊರೆಗೆ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಹತ್ತು ನಿಮಿಷ ಬಿಡಿ. ತಾನಾಗಿ ಬಿಟ್ಟುಕೊಳ್ಳುತ್ತದೆ. ಬಿಸಿನೀರಿನಿಂದ ತೊಳೆದು, ಬಟ್ಟೆಯಿಂದ ಪೂರ್ತಿ ಒರಸಿ. ಬ್ಲೀಚಿಂಗ್ ಪೌಡರ್ ಮಾತ್ರ ಹತ್ತಿರ ತರಬೇಡಿ. ಅಮೋನಿಯಾ ಜೊತೆ ಸೇರಿದರೆ ಅದರಿಂದ ವಿಷದ ಗಾಳಿ ಬರುತ್ತದೆ, ನಿಮ್ಮ ಮಗಳಿಗೂ ಅಪಾಯ.

ಅದೇ ಮೂಲೆಯಲ್ಲಿ ಒಂದು ಪಿಂಗಾಣಿ ಬಟ್ಟಲಿಟ್ಟು ಮರಳು ತುಂಬಿ. ಬಹಳಷ್ಟು ಹ್ಯಾಮ್‌ಸ್ಟರುಗಳು ಅಲ್ಲಿಗೇ ಹೋಗುವುದನ್ನು ಕಲಿಯುತ್ತವೆ, ನಿಮ್ಮ ಅರ್ಧ ಕೆಲಸ ಮುಗಿಯಿತು. ಜುಹೂ ಬೀಚಿನ ಮರಳು ಬೇಡ. ಜರಡಿ ಹಿಡಿದು, ತೊಳೆದು, ಬಾಣಲೆಯಲ್ಲಿ ಹುರಿದು ಆರಿಸಿದ ನದಿ ಮರಳು ಸಾಕು. ಬೆಕ್ಕಿಗೆ ಬಳಸುವ, ನೀರು ತಾಗಿದರೆ ಗಟ್ಟಿಯಾಗುವ ಕಾಳು ಖಂಡಿತ ಬೇಡ, ಹ್ಯಾಮ್‌ಸ್ಟರ್ ಕಾಳು ತುಂಬಿಕೊಳ್ಳುವ ಕೆನ್ನೆ ಚೀಲದಲ್ಲಿ ಅದು ಮುದ್ದೆಯಾಗುತ್ತದೆ.

ಹೊಟ್ಟಿನ ವಿಷಯ. ಫರ್ನಿಚರ್ ಅಂಗಡಿಯಿಂದ ಪುಕ್ಕಟೆ ತಂದದ್ದಾದರೆ ಬಿಸಾಡಿ. ಅದರಲ್ಲಿ ಪ್ಲೈವುಡ್ಡಿನ ಅಂಟಿರುತ್ತದೆ, ದೂಳಿರುತ್ತದೆ. ದೇವದಾರು, ಪೈನ್ ಮರದ ಹೊಟ್ಟು ಘಮ್ಮೆನ್ನುತ್ತದೆ ಎಂದು ಜನ ಹುಡುಕಿ ತರುತ್ತಾರೆ. ಘಮ ಕೊಡುವ ಆ ಎಣ್ಣೆಯೇ ಶ್ವಾಸನಾಳವನ್ನು ಕೆರಳಿಸುತ್ತದೆ. ಕಾಗದದ ಬೆಡ್ಡಿಂಗ್ ಹಾಕಿ, ಇಲ್ಲವೇ ಅಚ್ಚಿಲ್ಲದ, ಸೆಂಟಿಲ್ಲದ ಟಿಶ್ಯೂ ಹರಿದು ಹಾಕಿ. ಕನಿಷ್ಠ 15 ಸೆಂಟಿಮೀಟರ್ ದಪ್ಪ ಇರಲಿ. ಬದಲಾಯಿಸುವಾಗ ಮೂರರಲ್ಲಿ ಒಂದು ಪಾಲು ಮಾತ್ರ ತೆಗೆಯಿರಿ. ಒಣಗಿರುವ ಹಳೆಯದು ಹೊಸದರ ಜೊತೆ ಉಳಿಯಲಿ, ಆಗ ಅದಕ್ಕೆ ಮನೆ ತಪ್ಪಿದಂತಾಗುವುದಿಲ್ಲ. ಅಂಗಡಿಯಲ್ಲಿ ಮಾರುವ ಬಣ್ಣಬಣ್ಣದ ಪುಟ್ಟ ಗೂಡಿನಲ್ಲಿ ಇದೆಲ್ಲ ಸಾಧ್ಯವಿಲ್ಲ, ಅಲ್ಲಿ ಮಲಗುವ ಜಾಗವೂ ಪಾಯಖಾನೆಯೂ ಒಂದೇ. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಪೆಟ್ಟಿಗೆ, ಮೇಲೆ ತಂತಿ ಜಾಲರಿ. ಮಂಚದ ಪಕ್ಕದಲ್ಲಿ ಜಾಗವಿಲ್ಲ ಎನ್ನುವವರು ಹ್ಯಾಮ್‌ಸ್ಟರ್ ತರಬಾರದಿತ್ತು, ಅಷ್ಟೇ.

ಉಚ್ಚೆಯ ಮೂಲೆ ಸ್ವಚ್ಛವಿದ್ದೂ ಕೊಳೆತ ವಾಸನೆ ಬಂದರೆ ಅದರ ಉಗ್ರಾಣ ನೋಡಿ. ಮಗಳು ಮುದ್ದಿನಿಂದ ಕೊಟ್ಟ ಸೌತೆಕಾಯಿಯನ್ನು ಅದು ತಿಂದಿರುವುದಿಲ್ಲ, ಹೊಟ್ಟಿನಡಿ ಹೂತಿರುತ್ತದೆ. ತರಕಾರಿ ಕೊಟ್ಟರೆ ಉಗುರಿನಷ್ಟು ಕೊಡಿ. ಕೊಳೆತದ್ದನ್ನು ಮಾತ್ರ ತೆಗೆಯಿರಿ, ಒಣ ಕಾಳಿನ ಗಂಟನ್ನು ಮುಟ್ಟಬೇಡಿ.

ಆ ಸುವಾಸನೆಯ ಪುಡಿ ಮಾರಿದವನ ಮಾತಿಗೆ ಬರುತ್ತೇನೆ. ನಾತವನ್ನು ಸೆಂಟಿನಿಂದ ಮುಚ್ಚುವವರ ಮೇಲೆ ನನಗೆ ತಡೆಯಲಾಗದ ಸಿಟ್ಟಿದೆ, ಏಕೆಂದರೆ ರೋಗ ಮೊದಲು ಗೊತ್ತಾಗುವುದು ಎಷ್ಟೋ ಸಲ ವಾಸನೆಯಿಂದಲೇ. ಅಂಗಡಿಯಿಂದ ಹೊಸದಾಗಿ ತಂದ ಮರಿಯ ಬಾಲ ಒದ್ದೆಯಾಗಿ, ಹಿಂಭಾಗ ಅಂಟಂಟಾಗಿ, ದುರ್ನಾತ ಬಂದರೆ ಅದು ವೆಟ್ ಟೇಲ್ ಎಂಬ ಭೇದಿ. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು, ಅಂದೇ ವೈದ್ಯರ ಬಳಿ ಒಯ್ಯಿರಿ. ಬಾಯಿಂದ ಕೊಳೆತ ವಾಸನೆ, ಒಂದೇ ಕೆನ್ನೆ ಊದಿಕೊಂಡೇ ಇದ್ದರೆ ಚೀಲದಲ್ಲಿ ಏನೋ ಸಿಕ್ಕಿಕೊಂಡಿದೆ ಅಥವಾ ಹಲ್ಲು ಕೆಟ್ಟಿದೆ. ಕುಳ್ಳ ಹ್ಯಾಮ್‌ಸ್ಟರ್ ಸದಾ ನೀರು ಕುಡಿಯುತ್ತ, ಉಚ್ಚೆ ಸಿಹಿಸಿಹಿ ನಾರಿದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಬೇಕು. ಇದೆಲ್ಲ ಗುಲಾಬಿ ಪುಡಿಯ ಕೆಳಗೆ ಹೇಗೆ ಗೊತ್ತಾಗುತ್ತದೆ? ಇನ್ನೊಂದು ಮಾತು. ಭೇದಿಯಾಯಿತೆಂದು ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಸಿರಪ್ಪಿನ ಎರಡು ಹನಿ ಹಾಕುವವರಿದ್ದಾರೆ. ಮನುಷ್ಯರ ಮಕ್ಕಳಿಗೆ ಆಗುವ ಆ ಔಷಧಿ ಹ್ಯಾಮ್‌ಸ್ಟರ್, ಗಿನಿಪಿಗ್‌ಗಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ವಿಷ ಹುಟ್ಟಿಸುವವು ಬೆಳೆಯಲು ಬಿಡುತ್ತದೆ. ಪ್ರಾಣಿ ಸಾಯಬಹುದು. ಮೆಡಿಕಲ್ ಅಂಗಡಿಯವರನ್ನು ಕೇಳಬೇಡಿ, ಸಣ್ಣ ಪ್ರಾಣಿ ನೋಡುವ ವೈದ್ಯರನ್ನು ಕೇಳಿ.

ಪ್ರಶ್ನೆ: ಬೇಬಿ ಶಾಂಪೂ ಹಾಕಿ ವಾರಕ್ಕೊಮ್ಮೆ ಸ್ನಾನ ಮಾಡಿಸಬಹುದೇ? (ಮುಲುಂಡ್)

ಉತ್ತರ: ಬೇಡ. ಶೀತವಾಗಿ ಸಾಯಬಹುದು. ಮರಳಿನಲ್ಲಿ ಅದೇ ಹೊರಳಾಡಲಿ.

ಪ್ರಶ್ನೆ: ಗೂಡಿನ ಕೆಳಗೆ ಡಾಂಬರ್ ಗುಳಿಗೆ ಇಟ್ಟರೆ? ಇಲ್ಲವೇ ಕರ್ಪೂರ, ಧೂಪ? (ಮೀರಾ ರೋಡ್)

ಉತ್ತರ: ಡಾಂಬರ್ ಗುಳಿಗೆ ವಿಷ. ಕರ್ಪೂರ, ಧೂಪ ದೇವರ ಕೋಣೆಯಲ್ಲಿರಲಿ.

ಪ್ರಶ್ನೆ: ನಮ್ಮ ಹೆಣ್ಣು ಹ್ಯಾಮ್‌ಸ್ಟರಿಗೆ ಆಗಾಗ ಬಿಳಿ ಸ್ರಾವ, ಕಮಟು ವಾಸನೆ. ಕೀವೇ? (ಪುಣೆ)

ಉತ್ತರ: ನಾಲ್ಕು ದಿನಕ್ಕೊಮ್ಮೆ ಬಂದು ಹೋಗುವುದಾದರೆ ಅದು ಅದರ ಋತುಚಕ್ರ, ಗಾಬರಿ ಬೇಡ. ಬಿಡುವಿಲ್ಲದೆ ಬರುತ್ತಿದ್ದರೆ, ರಕ್ತ ಬೆರೆತಿದ್ದರೆ, ಹೊಟ್ಟೆ ಉಬ್ಬಿದ್ದರೆ ಗರ್ಭಕೋಶದ ಕೀವು ಇರಬಹುದು, ತಡಮಾಡಬೇಡಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಒಂದೇ ವಾರದಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಎರಡು ಗಂಡು ಬಿಳಿ ಇಲಿ ಸಾಕಿದ್ದೇವೆ. ಎಷ್ಟು ತೊಳೆದರೂ ಘಾಟು. (ಥಾಣೆ)

ಉತ್ತರ: ಗಂಡಿಲಿಯ ಉಚ್ಚೆಯ ಘಾಟು ಹುಟ್ಟುಗುಣ. ಸಹಿಸಿಕೊಳ್ಳಿ, ಮುಂದಿನ ಸಲ ಹೆಣ್ಣಿಲಿ ತನ್ನಿ.

ಪ್ರಶ್ನೆ: ಹ್ಯಾಮ್‌ಸ್ಟರನ್ನು ತಂಗಿಯ ಮನೆಗೆ ಕಳಿಸಿ ತಿಂಗಳಾಯಿತು. ಅಡುಗೆಮನೆಯಲ್ಲಿ ರಾತ್ರಿ ಇನ್ನೂ ಅದೇ ಕಸ್ತೂರಿಯಂಥ ನಾತ. ಗೋಡೆಗೆ ಹಿಡಿದಿದೆಯೇ? (ಮಾಟುಂಗಾ)

ಉತ್ತರ: ಗೋಡೆಗಲ್ಲ, ನಿಮ್ಮ ಮನೆಗೆ ಸುಂಡಿಲಿ ಬರುತ್ತಿದೆ. ಇಲ್ಲಿನವರು ಚಿಚುಂದ್ರಿ ಎನ್ನುವುದು ಅದನ್ನೇ. ಅದು ಇಲಿಯ ಜಾತಿಯೂ ಅಲ್ಲ, ಜಿರಳೆ ತಿಂದುಕೊಂಡು ಗೋಡೆಯಂಚಿನಲ್ಲಿ ಓಡಾಡುತ್ತದೆ. ಸಿಂಕಿನ ಕೆಳಗಿನ ತೂತಿಗೂ ಮೋರಿಗೂ ಜಾಲರಿ ಹಾಕಿಸಿ. ಆಮೇಲೆ ತಂಗಿಯ ಮನೆಯಿಂದ ಹ್ಯಾಮ್‌ಸ್ಟರನ್ನು ವಾಪಸು ತನ್ನಿ. ತಂದ ಮೇಲೆ ಅದರ ಕಾಳನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಬೀದಿಯ ಇಲಿ ಬಂದು ಅದರಲ್ಲಿ ಉಚ್ಚೆ ಹೊಯ್ದರೆ ಇಲಿಜ್ವರದ ಭಯ ಹ್ಯಾಮ್‌ಸ್ಟರಿಗೂ ಇದೆ, ನಿಮಗೂ ಇದೆ.