ಬೆಳಗ್ಗೆ ಮಡಚದ ಬೆರಳು, ಬಿಡಲಾಗದ ಕೆಲಸ

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ, ವಯಸ್ಸು 36. ರುಮಟಾಯ್ಡ್ ಸಂಧಿವಾತ ಎಂದಿದ್ದಾರೆ. ಬೆಳಗ್ಗೆ ಎದ್ದ ಮೇಲೆ ಎರಡು ಗಂಟೆ ಕಾಲ ಬೆರಳು ಮಡಚುವುದೇ ಇಲ್ಲ. ಐದು ವಾರದಿಂದ ಮೀಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದರೂ ಗುಣ ಕಂಡಿಲ್ಲ. ಟಾರ್ಗೆಟ್ ಮುಟ್ಟಲಾಗದೆ ದಿನವೂ ಬೈಗುಳ. ಕೆಲಸ ಬಿಡಲೇ? (ಪೀಣ್ಯದ ಓದುಗರು)

ಉತ್ತರ: ಈಗಲೇ ಬೇಡ. ಮೀಥೋಟ್ರೆಕ್ಸೇಟ್ ಅರ್ಧ ಗಂಟೆಯಲ್ಲಿ ನೋವು ಇಳಿಸುವ ಗುಳಿಗೆಯಲ್ಲ. ಕೀಲಿನೊಳಗಿನ ಉರಿಯೂತ ತಗ್ಗಿಸಲು ಇದಕ್ಕೆ 6ರಿಂದ 12 ವಾರ ಬೇಕು. ಐದನೇ ವಾರದ ಕೈ ನೋಡಿ ರಾಜೀನಾಮೆ ಕೊಟ್ಟರೆ, ಹತ್ತನೇ ವಾರಕ್ಕೆ ಕೈ ಸರಿಹೋಗಿ ಕೆಲಸ ಇಲ್ಲದಂತಾದೀತು. ಮೂರು ತಿಂಗಳಾದರೂ ಬಿಗಿತ ಇಳಿಯದಿದ್ದರೆ ವೈದ್ಯರು ಪ್ರಮಾಣ ಏರಿಸುತ್ತಾರೆ, ಇಲ್ಲವೇ ಇನ್ನೊಂದು ಔಷಧ ಸೇರಿಸುತ್ತಾರೆ.

ಈ ಮಾತ್ರೆ ವಾರಕ್ಕೆ ಒಂದೇ ದಿನ. ಚೀಟಿ ಸರಿಯಾಗಿ ಓದದೆ ದಿನವೂ ನುಂಗಿದರೆ ಬಾಯಿತುಂಬ ಹುಣ್ಣಾಗುತ್ತದೆ, ಬಿಳಿ ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಮರುದಿನ ವಾಕರಿಕೆ, ಸುಸ್ತು ಸಾಮಾನ್ಯ. ಹಾಗಾಗಿ ನಿಮ್ಮ ವಾರದ ರಜೆಯ ಹಿಂದಿನ ರಾತ್ರಿ, ಊಟವಾದ ಮೇಲೆ ತೆಗೆದುಕೊಳ್ಳುವಂತೆ ದಿನ ಗೊತ್ತುಮಾಡಿಕೊಳ್ಳಿ. ಫೋಲಿಕ್ ಆಮ್ಲದ ಮಾತ್ರೆ ಬೇರೆ ದಿನ. ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆ ತಪ್ಪಿಸಬೇಡಿ. ಗರ್ಭಿಣಿಯರಿಗೆ ಈ ಔಷಧ ನಿಷಿದ್ಧ. ಮಗುವಿನ ಯೋಚನೆಯಿದ್ದರೆ ಮೊದಲೇ ವೈದ್ಯರಿಗೆ ಹೇಳಿ.

ಇನ್ನು ಲೈನಿನ ಮಾತು. ಹೊಲಿಗೆ ಯಂತ್ರಕ್ಕಿಂತ ನಿಮ್ಮ ಬೆರಳನ್ನು ಹೆಚ್ಚು ಹಿಂಡುವುದು ದಾರ ಕತ್ತರಿಸುವ ಟ್ರಿಮ್ಮರ್. ಅದನ್ನು ಒತ್ತುವಾಗಲೆಲ್ಲ ಹೆಬ್ಬೆರಳಿನ ಬುಡಕ್ಕೆ ಭಾರ ಬೀಳುತ್ತದೆ. ಡೆನಿಮ್‌ನಂಥ ದಪ್ಪ ಬಟ್ಟೆ ಎಳೆದು ಹಿಡಿಯುವುದೂ ಹಾಗೆಯೇ. ತೆಳು ಬಟ್ಟೆಯ ಹೊಲಿಗೆಗೆ ಅಥವಾ ಚೆಕ್ಕಿಂಗ್‌ಗೆ ಬದಲಿಸಲು ಕೇಳಿ. ಇಸ್ತ್ರಿ ವಿಭಾಗ ‘ಹಗುರ’ ಎಂದು ಕೊಟ್ಟರೆ ಒಪ್ಪಬೇಡಿ, ಮಣಿಕಟ್ಟಿಗೆ ಅದು ಇನ್ನೂ ಕೆಟ್ಟದ್ದು. ಬಂಡಲನ್ನು ಬೆರಳಲ್ಲಿ ಚಿಮುಟಿ ಎತ್ತದೆ ಎರಡೂ ಮುಂಗೈ ಮೇಲೆ ಹೊರಿ. ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಎದ್ದು, ಬಿಸಿನೀರಿನಲ್ಲಿ ಹತ್ತು ನಿಮಿಷ ಕೈ ಅದ್ದಿ ಮುಷ್ಟಿ ಕಟ್ಟಿ ಬಿಚ್ಚುತ್ತಿರಿ.

ವೈದ್ಯರ ಪತ್ರದಲ್ಲಿ ‘ಲಘು ಕೆಲಸ ಕೊಡಿ’ ಎಂದಷ್ಟೇ ಇದ್ದರೆ ಸೂಪರ್‌ವೈಸರ್‌ಗೆ ಅದು ಏನೂ ಹೇಳದು. ‘ಮೂರು ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ, ಟ್ರಿಮ್ಮರ್ ಬಳಸುವಂತಿಲ್ಲ, ಮೂರು ತಿಂಗಳ ಅವಧಿಗೆ’ ಎಂಬಷ್ಟು ನಿಖರವಾಗಿ ಬರೆಸಿಕೊಳ್ಳಿ. ರೋಗ ಉಲ್ಬಣಿಸಿದ ವಾರಗಳಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆ: ಆರು ತಿಂಗಳ ವಂತಿಗೆಯ ಅವಧಿಯಲ್ಲಿ 78 ದಿನ ವಂತಿಗೆ ಕಟ್ಟಿದವರಿಗೆ, ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ, ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ.

ಪ್ರಶ್ನೆ: ಸಾಫ್ಟ್‌ವೇರ್ ಕೆಲಸ, ವಯಸ್ಸು 28. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನೆಲುಬಿನ ಕೀಲುಗಳ ಉರಿಯೂತ) ಇದೆ. ದುಬಾರಿ ಕುರ್ಚಿ ಕೊಂಡರೂ ಸೊಂಟನೋವು ಹೋಗಿಲ್ಲ. (ಮೈಸೂರು)

ಉತ್ತರ: ಕುರ್ಚಿ ಎಷ್ಟೇ ಒಳ್ಳೆಯದಿರಲಿ, ಕೂತೇ ಇದ್ದರೆ ಈ ನೋವು ಬಲಿಯುತ್ತದೆ. ಬೇರೆ ಬೆನ್ನುನೋವಿಗೆ ವಿಶ್ರಾಂತಿ ಹಿತ, ಇದಕ್ಕೆ ಚಲನೆ ಹಿತ. ನಸುಕಿನಲ್ಲಿ ನೋವು ಎಬ್ಬಿಸುವುದೂ ಅದಕ್ಕೇ. 40 ನಿಮಿಷಕ್ಕೊಮ್ಮೆ ಎದ್ದು, ಗೋಡೆಗೆ ಹಿಮ್ಮಡಿ, ಬೆನ್ನು, ತಲೆ ತಾಗಿಸಿ ಒಂದು ನಿಮಿಷ ನಿಲ್ಲಿ. ಫೋನ್ ಕರೆಗಳನ್ನು ನಡೆಯುತ್ತ ಮುಗಿಸಿ. ಸಿಗರೇಟು ಇದ್ದರೆ ಬಿಡಿ, ಬೆನ್ನೆಲುಬು ಬೆಸೆದುಕೊಳ್ಳುವುದನ್ನು ಅದು ಬೇಗ ಮಾಡುತ್ತದೆ. ಕಣ್ಣು ಕೆಂಪಾಗಿ ಬೆಳಕು ಚುಚ್ಚಿದರೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಅದು ಪರದೆಯ ಆಯಾಸವಲ್ಲ, ಇದೇ ಕಾಯಿಲೆಯ ಇನ್ನೊಂದು ಮುಖವಿರಬಹುದು.

ಪ್ರಶ್ನೆ: ಅಡಿಕೆ ಸುಲಿಯುತ್ತೇನೆ, 57 ವರ್ಷ. ಬೆರಳ ತುದಿಯ ಗಿಣ್ಣುಗಳಲ್ಲಿ ಗಂಟು ಎದ್ದಿದೆ. ನಮ್ಮೂರಲ್ಲಿ ಒಬ್ಬರು ಕೊಡುವ ಪುಡಿಯಿಂದ ಮೂರೇ ದಿನದಲ್ಲಿ ನೋವು ಹೋಯಿತು. ಮುಂದುವರಿಸಬಹುದೇ? (ತೀರ್ಥಹಳ್ಳಿ)

ಉತ್ತರ: ಮೂರು ದಿನದಲ್ಲಿ ಪವಾಡ ಮಾಡುವ ಹೆಸರಿಲ್ಲದ ಪುಡಿಯಲ್ಲಿ ಸ್ಟಿರಾಯ್ಡ್ ಇರುವ ಸಂಭವ ಬಹಳ. ಅದು ಸಕ್ಕರೆ ಏರಿಸುತ್ತದೆ, ಮೂಳೆ ಟೊಳ್ಳಾಗಿಸುತ್ತದೆ. ತಿಂಗಳುಗಟ್ಟಲೆ ತಿಂದಿದ್ದರೆ ಥಟ್ಟನೆ ನಿಲ್ಲಿಸುವುದೂ ಅಪಾಯ; ಪುಡಿಯ ಪೊಟ್ಟಣ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ. ತುದಿಗಿಣ್ಣಿನ ಗಂಟು ಹೆಚ್ಚಾಗಿ ಕೀಲು ಸವೆತದ್ದು, ರುಮಟಾಯ್ಡ್ ಸಾಮಾನ್ಯವಾಗಿ ತುದಿಗಿಣ್ಣನ್ನು ಬಿಟ್ಟು ಬುಡ, ನಡುಗಿಣ್ಣು, ಮಣಿಕಟ್ಟು ಹಿಡಿಯುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ನಿಮ್ಮ ಹೆಬ್ಬೆರಳ ಬುಡಕ್ಕೆ ಒತ್ತು ಹಾಕುತ್ತದೆ. ಸುಲಿಯುವ ಯಂತ್ರವಿರುವ ಕಡೆ ನೀವು ಗೋಟು (ಹಣ್ಣಾಗಿ ಒಣಗಿದ ಅಡಿಕೆ) ಆರಿಸುವ, ಹರಡುವ ಕೆಲಸಕ್ಕೆ ಸರಿಯಿರಿ. ಯಂತ್ರವಿಲ್ಲದಿದ್ದರೆ ಅರ್ಧ ಗಂಟೆಗೊಮ್ಮೆ ಏಳಿ, ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಳ್ಳಿ.

ಪ್ರಶ್ನೆ: ಸರ್ಕಾರಿ ಶಾಲೆಯ ಶಿಕ್ಷಕಿ. ಸಂಧಿವಾತದಿಂದ ಬೋರ್ಡಿನ ಮೇಲೆ ಬರೆಯಲಾಗುತ್ತಿಲ್ಲ. ಸ್ವಯಂ ನಿವೃತ್ತಿ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. (ಗದಗ)

ಉತ್ತರ: ಸಹಿ ಹಾಕುವ ಮುನ್ನ ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಸೆಕ್ಷನ್ 20(4) ಓದಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಇರುವ ಹುದ್ದೆ ಒಗ್ಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು. ಅದೂ ಸಿಗದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ತಾವಾಗಿ ನಿವೃತ್ತಿ ಬರೆದುಕೊಟ್ಟರೆ ಈ ರಕ್ಷಣೆಯನ್ನು ನೀವೇ ಬಿಟ್ಟುಕೊಟ್ಟಂತೆ. ಮೊದಲು ಯುಡಿಐಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿ ಹಾಕಿ. ವೈದ್ಯಕೀಯ ಮಂಡಳಿ ಅಳೆಯುವುದು ಕೀಲಿನ ಚಲನೆ, ಸ್ನಾಯುಬಲ, ಕೈಯಿಂದಾಗುವ ಕೆಲಸಗಳನ್ನು. ನೋವು, ದಣಿವು ಅಲ್ಲಿ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಎಕ್ಸ್‌ರೇ, ಹಳೆಯ ಚೀಟಿಗಳು ಎಲ್ಲವನ್ನೂ ಒಯ್ಯಿರಿ. ಗುರುತಿನ ಚೀಟಿ ಬರುವವರೆಗೆ ದೊಡ್ಡ ಅಕ್ಷರದ ಚಾರ್ಟ್ ಬಳಸಿ, ಸೀಮೆಸುಣ್ಣಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿ ದಪ್ಪ ಮಾಡಿಕೊಳ್ಳಿ.