ಎರಡನೇ ಅಧ್ಯಾಯಕ್ಕೇ ಮುದ್ದು ಬಂದ್ರ ಹೆಂಗ?

ಪ್ರಶ್ನೆ: ಅಕ್ಕಾರ, ನಾ ಬೀದರದವ. 1472ರ ಸುಮಾರಿಗೆ ಬಹಮನಿ ವಜೀರ ಮಹಮೂದ ಗವಾನರ ಮದರಸಾ ಕಟ್ಟುವಾಗಿನ ಕಾದಂಬರಿ ಬರೀಲಾಕತ್ತೀನಿ. ಒಬ್ಬ ಇಲ್ಲಿನ ಕಲ್ಲುಕುಟಿಗ, ಇನ್ನೊಬ್ಬ ಇರಾನದಿಂದ ಬಂದ ಬಣ್ಣದ ಹೆಂಚಿನ ಕೆಲಸದವ. ಇಬ್ಬರೂ ಹುಡುಗ್ರೇ, ದೋಸ್ತಿ ಹೋಗಿ ಪ್ರೀತಿ ಆಗ್ತದ. ಗೆಳ್ಯಾಗ ಓದಾಕ ಕೊಟ್ರ "ಆಗೆಲ್ಲಿ ಇಂಥಾವು ಇದ್ವೋ, ಇದೆಲ್ಲ ಈಗಿನ ಫ್ಯಾಷನ್ನು" ಅಂದ. ಎರಡನೇ ಅಧ್ಯಾಯಕ್ಕೇ ಮುದ್ದು ಕೊಡಿಸೀನಿ, ಲಗೂ ಆಯ್ತೇನ್ರಿ?

ಉತ್ತರ: ಭಾಳ ಲಗೂ ಆಯ್ತು ತಮ್ಮಾ. ನಿಮ್ಮ ಗೆಳ್ಯಾಗ ಹೇಳ್ರಿ, ಘಜನಿ ಮಹಮೂದ ಮತ್ತ ಅವನ ಗುಲಾಮ ಅಯಾಜನ ಪ್ರೀತಿ ಮ್ಯಾಲ ಪಾರ್ಸಿ ಕವಿಗಳು ಶತಮಾನಗಟ್ಲೆ ಬರದಾರ, ನಿಮ್ಮ ಇರಾನದ ಹುಡುಗ ಅವನ್ನೆಲ್ಲ ಕೇಳೇ ಬೆಳದಿರ್ತಾನ. ಆದ್ರ ಅಲ್ಲಿ ಒಬ್ಬ ಸುಲ್ತಾನ ಒಬ್ಬ ಗುಲಾಮ, ನಿಮ್ಮವ್ರು ಒಂದೇ ಗೋಡಿ ಮುಂದ ನಿಂತು ದುಡಿಯೋರು, ನನಗ ಇದೇ ಜಾಸ್ತಿ ಸೇರ್ತು.

ಅದಕ್ಕ ಆ ಗೋಡೀನೇ ಹಿಡೀರಿ. ಕಲ್ಲು ಸಮಾ ಕೂಡ್ಲಿಲ್ಲಂದ್ರ ಹೆಂಚು ಕೂಡಂಗಿಲ್ಲ, ಮೊದ್ಲ ಅದ್ರ ಸಲುವಾಗಿ ಜಗಳಾಡ್ಲಿ, ಒಬ್ಬನ ಭಾಷೆ ಇನ್ನೊಬ್ಬಗ ಅರ್ಧಾನೂ ತಿಳೀಬಾರ್ದು, ಆಮ್ಯಾಗ ಆಮ್ಯಾಗ ಇವ ಅವನ ಪಾರ್ಸಿ ಬೈಗುಳ ಕಲೀಲಿ ಅವ ಇವನ ಕನ್ನಡ ಬೈಗುಳ ಕಲೀಲಿ, ಒಂದಿನ ಅವ ಕೆಲಸಕ್ಕ ಬರ್ಲಿಲ್ಲಂದ್ರ ಇವಗ ಉಳಿ ಹಿಡೀಲಾಕ ಮನಸ್ಸಾಗಬಾರ್ದು, ಅಲ್ಲೀತನಾ ಓದುಗರ್ನ ಕಾಯಿಸ್ರಿ.

ಗಂಡು ಗಂಡು ಕೂಡೋದನ್ನ ಅಪರಾಧ ಮಾಡಿದ್ದ 377ನೇ ಕಲಮಿನಂಥ ಅಂಜಿಕಿ ಮಾತ್ರ ತರಬ್ಯಾಡ್ರಿ. ಅದು ಬ್ರಿಟಿಷರು 1860ರಾಗ ಮಾಡಿದ್ದು, 2018ರಾಗ ಸುಪ್ರೀಂ ಕೋರ್ಟು ಅದರ ಹಲ್ಲು ಕಿತ್ತಿತು. ನಿಮ್ಮ ಕಾಲದ ಅಂಜಿಕಿ ಬ್ಯಾರೇನೇ ಅದ, ದಖ್ಖನಿಯವ್ರು ಮತ್ತ ಹೊರಗಿಂದ ಬಂದ ಆಫಾಕಿಗಳ ನಡುವಿನ ಹಗೆತನ. ಗವಾನರೂ ಆಫಾಕೀನೇ, ದಖ್ಖನಿ ಸರದಾರರು ಅವರ ಮೊಹರು ಹಾಕಿ ಸುಳ್ಳು ಪತ್ರ ಹುಟ್ಟಿಸಿದ್ರು, ಬಹಮನಿ ಸುಲ್ತಾನ 1481ರಾಗ ಗವಾನರ ತಲಿ ತೆಗೆಸಿದ. ಅಂದ್ರ ಕಟ್ಟಡದಿಂದ ಕೊಲೆತನಾ ನಿಮಗ ಒಂಬತ್ತು ವರ್ಷ ಸಿಗ್ತಾವ, ಇಷ್ಟು ಜಾಗ ಇಟ್ಕೊಂಡು ಎರಡನೇ ಅಧ್ಯಾಯಕ್ಕ ಅದ್ಯಾಕ ಅಷ್ಟು ಅವಸರ? ಕೊಲೆ ಸುದ್ದಿ ಬಂದ ರಾತ್ರಿ ಇರಾನದವ ಊರು ಬಿಡ್ಬೇಕೋ ಇರ್ಬೇಕೋ ಅಂತ ಕಲ್ಲುಕುಟಿಗನ್ನ ಕೇಳ್ಲಿ. ಮುದ್ದು ಅದಕ್ಕಿಂತ ತುಸು ಮೊದ್ಲ ಇರ್ಲಿ, ಅಂದ್ರ "ಹೋಗು" ಅನ್ನೋದು ಇವಗ ಕಷ್ಟ ಆಗ್ತದ.

ಇನ್ನೊಂದು, ರೊಟ್ಟಿ ಜೋಡಿ ಹಸಿಮೆಣಸಿನಕಾಯಿ ತಿನ್ಸೀರಿ ಗಿನ್ಸೀರಿ, ಅದು ಪೋರ್ಚುಗೀಸರ ಸಂಗಟ ಆಮ್ಯಾಗ ಬಂದದ್ದು. ಉಳ್ಳಾಗಡ್ಡಿ ನಡೀತದ.