ಚರ್ಚಿನ ವಾರದ ಸುದ್ದಿಪತ್ರಕ್ಕೆ ಯಾವ ಆ್ಯಪ್ ಒಳ್ಳೇದು ಅಂತ ಕೇಳಿದವರಿಗೆ

ಅಮೆರಿಕದಲ್ಲಿ ನೀವು ಹೋಗುವ ಎಪಿಸ್ಕೋಪಲ್ ಚರ್ಚಿನವರು ವಾರದ ಸುದ್ದಿಪತ್ರ ಮಾಡುವ ಕೆಲಸವನ್ನು ನಿಮ್ಮ ಕೈಗೆ ಕೊಟ್ಟಿದ್ದಾರೆ. ಓದುವವರು ಕಡಿಮೆ, ಯಾವ ಆ್ಯಪ್‌ನಲ್ಲಿ ಮಾಡಿದರೆ ಚೆನ್ನಾಗಿ ಕಾಣುತ್ತೆ ಅಂತ ಕೇಳಿದ್ದೀರಿ. 2016ರಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ಆ್ಯಪ್ ಯಾವುದಾದರೂ ಆಗುತ್ತೆ. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಅದನ್ನೇ ಹೇಳ್ತೀನಿ.

ನಾನು ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಬಾಸೆಲ್ ಮಿಷನ್ ಮನೆತನ. ಅಜ್ಜ ಬಲ್ಮಠದ ಮಿಷನ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಹೊರಡಿಸಿದ್ದು ನಮ್ಮ ಮಿಷನ್ನಿನಿಂದಲೇ ಅಂತ ಅಜ್ಜ ಹೇಳುವಾಗ ಅವರ ದನಿಯೇ ಬದಲಾಗುತ್ತಿತ್ತು. ಹಾಗಾಗಿ ಓಹಿಯೋದ ಈ ಸಣ್ಣ ಊರಿನ ಚರ್ಚಿನಲ್ಲಿ ಸುದ್ದಿಪತ್ರ ಮಾಡೋರು ಬೇಕು ಅಂದಾಗ ನಾನು ತಕ್ಷಣ ಕೈ ಎತ್ತಿದೆ. ಸಿಎಸ್‌ಐ ಮತ್ತು ಎಪಿಸ್ಕೋಪಲ್ ಚರ್ಚ್ ಎರಡೂ ಇಂಗ್ಲೆಂಡಿನ ಚರ್ಚಿನ ಸುತ್ತ ಬೆಳೆದ ಆಂಗ್ಲಿಕನ್ ಬಳಗದವು. ಊರಿನ ಸಭೆಯಿಂದ ತಂದ ಪತ್ರ ಕೊಟ್ಟಿದ್ದೆ, ಅಷ್ಟಕ್ಕೇ ಒಳಗೆ ಸೇರಿಸಿಕೊಂಡಿದ್ದರು. ಆ ಋಣ ತೀರಿಸಬೇಕು ಅಂತಲೂ ಇತ್ತು.

ನಮ್ಮ ಚರ್ಚಿನ ವಾರ ಹೀಗಿರುತ್ತೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಹಾಡಿಲ್ಲದ ಆರಾಧನೆ, ಹಳೇ ಇಂಗ್ಲಿಷಿನಲ್ಲಿ. ಹತ್ತೂವರೆಗೆ ಕ್ವಾಯರ್ (ಹಾಡುವ ತಂಡ) ಇರುವ ಆರಾಧನೆ. ಅದು ಮುಗಿದ ಮೇಲೆ ಕೆಳಗಿನ ಹಾಲ್‌ನಲ್ಲಿ ಕಾಫಿ. ಬುಧವಾರ ಮಧ್ಯಾಹ್ನ ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ), ಜೊತೆಗೆ ಕಾಯಿಲೆಯವರಿಗೆ ಎಣ್ಣೆ ಹಚ್ಚಿ ಪ್ರಾರ್ಥನೆ. ಗುರುವಾರ ಸಂಜೆ ಹಾಡಿನ ಅಭ್ಯಾಸ. ಶನಿವಾರ ಬೆಳಿಗ್ಗೆ ಒಂದು ಕಡೆ ಬಡವರಿಗೆ ದಿನಸಿ ಹಂಚುತ್ತಾರೆ, ಇನ್ನೊಂದು ಕಡೆ ಆಲ್ಟರ್ ಗಿಲ್ಡ್‌ನವರು ಮರುದಿನಕ್ಕೆ ಪೀಠ ಸಿದ್ಧ ಮಾಡುತ್ತಾರೆ. ಇದರ ನಡುವೆ ವೆಸ್ಟ್ರಿ (ಚರ್ಚಿನ ಆಡಳಿತ ಸಮಿತಿ) ಸಭೆ, ಜನವರಿಯಲ್ಲಿ ವಾರ್ಷಿಕ ಸಭೆ, ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಶುರುವಾಗುವ ಹಿಂದಿನ ರಾತ್ರಿ ಪ್ಯಾನ್‌ಕೇಕ್ ಊಟ. ಅಕ್ಟೋಬರ್‌ನಲ್ಲಿ ಸಂತ ಫ್ರಾನ್ಸಿಸ್ ಹಬ್ಬದ ಹೊತ್ತಿಗೆ ನಾಯಿ, ಬೆಕ್ಕುಗಳಿಗೆಲ್ಲ ಆಶೀರ್ವಾದ. ನಿಮ್ಮಲ್ಲೂ ಹೆಚ್ಚುಕಮ್ಮಿ ಇದೇ ಇರುತ್ತೆ, ಅಲ್ವಾ?

ನನ್ನನ್ನು ಈ ಜನರ ಹತ್ತಿರ ತಂದವರು ಒಬ್ಬ ಅಜ್ಜಿ. ಹೆಸರು ಬೇಡ. ಎಪ್ಪತ್ತು ದಾಟಿದವರು, ಆಲ್ಟರ್ ಗಿಲ್ಡ್‌ನಲ್ಲಿ ಮೂವತ್ತು ವರ್ಷ ಇದ್ದವರು. ನಾನು ಹೊಸದಾಗಿ ಬಂದಾಗ ಶನಿವಾರ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಕಲಿಸಿದರು. ಪಾನಪಾತ್ರೆ ಒರೆಸುವ ಬಿಳಿ ಬಟ್ಟೆ ಇರುತ್ತಲ್ಲ, ಅದರ ಮೇಲೆ ದ್ರಾಕ್ಷಾರಸದ ಕಲೆ, ಲಿಪ್‌ಸ್ಟಿಕ್ ಕಲೆ ಎಲ್ಲ ಇರುತ್ತೆ. ಮೊದಲು ತಣ್ಣೀರಲ್ಲಿ ಅದ್ದಿ ಹಿಂಡಬೇಕು. ಆ ಮೊದಲ ನೀರನ್ನು ಚರಂಡಿಗೆ ಬಿಡುವ ಹಾಗಿಲ್ಲ. ಅದಕ್ಕೆ ಅಂತಲೇ ಒಂದು ಸಣ್ಣ ತೊಟ್ಟಿ ಇದೆ, ಅದರ ಕೊಳವೆ ನೇರ ಮಣ್ಣಿಗೆ ಇಳಿಯುತ್ತೆ. ಆಮೇಲೆ ಸೋಪು. ಬಟ್ಟೆ ಇನ್ನೂ ತೇವ ಇರುವಾಗಲೇ ಇಸ್ತ್ರಿ. ಇಸ್ತ್ರಿಯಾದ ಮೇಲೆ ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಮೂರು, ಬಿಚ್ಚಿದರೆ ಒಂಬತ್ತು ಚೌಕ. ಮಡಿಕೆಯ ಮೇಲೆ ಅವರು ಇಸ್ತ್ರಿ ಒತ್ತುತ್ತಿರಲಿಲ್ಲ, ಬೆರಳಿನಿಂದಲೇ ನೀವುತ್ತಿದ್ದರು. ಒತ್ತಿದರೆ ನೂಲು ಬೇಗ ಮುರಿಯುತ್ತೆ ಅನ್ನುತ್ತಿದ್ದರು. ಆ ಕೋಣೆಯ ಬಿಸಿ ಬಟ್ಟೆಯ ವಾಸನೆಯಲ್ಲಿ ನನಗೆ ಅಮ್ಮನ ನೆನಪಾಗುತ್ತಿತ್ತು.

2017ರ ನವೆಂಬರ್ ಮೊದಲ ಭಾನುವಾರ. ಕಾಫಿ ಆದ ಮೇಲೆ ನಾವಿಬ್ಬರೇ ಕಪ್ಪು ತೊಳೆಯುತ್ತಿದ್ದೆವು. ಅವರು ತಲೆ ಎತ್ತದೆ ಹೇಳಿದರು. ಮೊಲೆಯಲ್ಲಿ ಗಡ್ಡೆ, ಕ್ಯಾನ್ಸರ್ ಅಂತ ಗೊತ್ತಾಗಿದೆ, ಮುಂದಿನ ವಾರ ಆಪರೇಷನ್. ಯಾವ ಆಸ್ಪತ್ರೆ ಅಂತಲೂ ಹೇಳಿದರು. 'ನನಗೋಸ್ಕರ ಪ್ರಾರ್ಥನೆ ಮಾಡು' ಅಂದರು. ನಾನು ಒದ್ದೆ ಕೈಯಲ್ಲೇ ಅವರ ಕೈ ಹಿಡಿದೆ.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮಂಗಳೂರಲ್ಲಿ ಆರಾಧನೆಯಲ್ಲಿ ಪ್ರಕಟಣೆ ಓದುವಾಗ, ಇಂಥವರು ಇಂಥ ಆಸ್ಪತ್ರೆಯಲ್ಲಿದ್ದಾರೆ, ಇಂಥ ದಿನ ಆಪರೇಷನ್, ಸಭೆಯವರು ಪ್ರಾರ್ಥನೆಯಲ್ಲಿ ನೆನೆಯಬೇಕು ಅಂತ ಹೇಳುತ್ತಾರೆ. ಸಂಜೆಯೊಳಗೆ ವಾರ್ಡಿನ ಮುಂದೆ ಹತ್ತು ಜನ. ಒಬ್ಬರ ಕೈಯಲ್ಲಿ ಗಂಜಿ, ಇನ್ನೊಬ್ಬರ ಕೈಯಲ್ಲಿ ಬೊಂಡ (ಎಳನೀರು). ಅಪ್ಪನಿಗೆ ಹಾರ್ಟ್ ಆಪರೇಷನ್ ಆದಾಗ ಆ ಒಂದು ಪ್ರಕಟಣೆಯಿಂದ ನಾಲ್ಕು ಬಾಟಲಿ ರಕ್ತ ಸಿಕ್ಕಿತ್ತು. ಎಲ್ಲರಿಗೂ ಹೇಳುವುದೇ ಪ್ರೀತಿ ಅಂತ ನಾನು ಬೆಳೆದದ್ದು. ಹಾಗಾಗಿ ಅವರು 'ಪ್ರಾರ್ಥನೆ ಮಾಡು' ಅಂದದ್ದು ನನ್ನ ಕಿವಿಯಲ್ಲಿ 'ಪ್ರಾರ್ಥನೆ ಮಾಡಿಸು' ಅಂತ ಕೂತುಬಿಟ್ಟಿತು. ಮಾಡು, ಮಾಡಿಸು. ಎರಡಕ್ಕೂ ಎಷ್ಟು ದೂರ ಅಂತ ಆವತ್ತು ನನಗೆ ಹೊಳೆಯಲಿಲ್ಲ. ಅವರು ಕೇಳಿದ್ದು ನನ್ನೊಬ್ಬಳನ್ನ.

ಬುಧವಾರ ರಾತ್ರಿ ಪತ್ರ ತಯಾರು ಮಾಡಿದೆ. 'ಪ್ರಾರ್ಥನೆಗೆ' ಅನ್ನುವ ಜಾಗದಲ್ಲಿ ಅವರ ಪೂರ್ತಿ ಹೆಸರು, ಏನು ಕಾಯಿಲೆ, ಯಾವ ಆಸ್ಪತ್ರೆ, ಯಾವ ದಿನ, ಎಲ್ಲ ಹಾಕಿದೆ. ಕೆಳಗೆ, ಅಡುಗೆ ಮಾಡಿ ಕೊಡುವವರು ನನಗೆ ತಿಳಿಸಿ ಅಂತ ಬರೆದೆ. ಬಹಳ ಪ್ರೀತಿಯಿಂದ ಬರೆದೆ. ರೆಕ್ಟರ್‌ಗೆ, ಅಂದರೆ ನಮ್ಮ ಪಾದ್ರಿಗೆ, ತೋರಿಸಲಿಲ್ಲ, ಅವರು ಆ ವಾರ ಊರಲ್ಲಿರಲಿಲ್ಲ. ಅಜ್ಜಿಗೂ ತೋರಿಸಲಿಲ್ಲ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಗುರುವಾರ ಕಳಿಸಿಬಿಟ್ಟೆ.

ಸುದ್ದಿಪತ್ರ ಅಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಬೆಂಚಿನ ಮೇಲೆ ಕೂರುವ ಎಪ್ಪತ್ತು ಮುಖಗಳು. ಮೇಲ್ ಪಟ್ಟಿಯಲ್ಲಿ ಇದ್ದದ್ದು ಇನ್ನೂರು ಚಿಲ್ಲರೆ ವಿಳಾಸ. ಹಿಂದೆ ಇದ್ದು ಬಿಟ್ಟುಹೋದವರು, ಒಮ್ಮೆ ಪ್ಯಾನ್‌ಕೇಕ್ ತಿನ್ನಲು ಬಂದು ಹೆಸರು ಬರೆದವರು, ಇಲ್ಲೇ ಬೆಳೆದು ದೂರ ಹೋದ ಮಕ್ಕಳು. ಆ ಮಕ್ಕಳಲ್ಲಿ ಅಜ್ಜಿಯ ಮಗನೂ ಒಬ್ಬ. ಅವನಿರುವುದು ದೇಶದ ಇನ್ನೊಂದು ತುದಿಯಲ್ಲಿ. ಹುಡುಗನಾಗಿದ್ದಾಗ ಇದೇ ಪೀಠದ ಮುಂದೆ ಮೇಣದಬತ್ತಿ ಹಿಡಿದು ನಡೆದವನು. ಚರ್ಚ್ ಬಿಟ್ಟರೂ ಪತ್ರವನ್ನು ಮಾತ್ರ ನಿಲ್ಲಿಸಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಅಮ್ಮನಿಗೆ ಕ್ಯಾನ್ಸರ್ ಅನ್ನುವುದನ್ನು ಅವನು ನನ್ನ ಪತ್ರದಲ್ಲಿ ಓದಿದ.

ಅಜ್ಜಿ ಅವನಿಗೆ ಹೇಳಿರಲಿಲ್ಲ. ಆಪರೇಷನ್ ಮುಗಿದು, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅವನು ಮನೆಗೆ ಬಂದಾಗ, ಎದುರು ಕೂರಿಸಿಕೊಂಡು ಹೇಳಬೇಕು ಅಂತಿದ್ದರು. ಅವನ ತಂದೆ ಹೋದದ್ದೂ ಕ್ಯಾನ್ಸರಿನಿಂದಲೇ. ಇದು ನನಗೆ ಆಮೇಲೆ ಗೊತ್ತಾಯಿತು.

ಮೇಲ್ ಕಳಿಸಿದ ಮೇಲೆ ವಾಪಸ್ ಬರಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ನಾನು ಹುಡುಕಿ ಹುಡುಕಿ ಆರಿಸಿದ್ದ ಆ 'ಒಳ್ಳೇ' ಆ್ಯಪ್ ಪ್ರತಿ ಪತ್ರವನ್ನೂ ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಇಡುತ್ತಿತ್ತು. ಗೂಗಲ್‌ನಲ್ಲಿ ಅವರ ಹೆಸರು ಹೊಡೆದರೆ ನಮ್ಮ ಪತ್ರ ಬರುತ್ತಿತ್ತು. ಅದನ್ನು ತೆಗೆಸುವಷ್ಟರಲ್ಲಿ ನನಗೆ ಸಾಕಾಗಿಹೋಯಿತು.

ಮನೆಗೆ ಹೋದೆ. ಬಾಗಿಲು ತೆಗೆದರು, ಒಳಗೆ ಕರೆಯಲಿಲ್ಲ. 'ನನ್ನ ಮಗನಿಗೆ ಹೇಳೋದು ನನ್ನ ಕೆಲಸ ಆಗಿತ್ತು' ಅಂದರು. ಬೈಯಲಿಲ್ಲ. ನಾನು ಕ್ಷಮೆ ಕೇಳಿದೆ, ತಲೆ ಆಡಿಸಿದರು. ಕೈಯಲ್ಲಿದ್ದ ಸಾರಿನ ಪಾತ್ರೆಯನ್ನು ಹಾಗೇ ಹಿಡಿದುಕೊಂಡು ಕಾರಿಗೆ ಬಂದೆ.

ಆಪರೇಷನ್ ಚೆನ್ನಾಗಿ ಆಯಿತು, ಅವರು ಈಗಲೂ ಇದ್ದಾರೆ. ಆದರೆ ಆಲ್ಟರ್ ಗಿಲ್ಡ್‌ಗೆ ತಿರುಗಿ ಬರಲೇ ಇಲ್ಲ. ಹತ್ತೂವರೆಯ ಆರಾಧನೆ ಬಿಟ್ಟು ಎಂಟಕ್ಕೆ ಬರತೊಡಗಿದರು, ಕಾಫಿಗೆ ನಿಲ್ಲಲ್ಲ. ಶನಿವಾರ ಆ ಬಟ್ಟೆ ಮಡಚುವುದು ಈಗ ನಾನು.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಲ್ಲಿದೆ ಅಂತ ನನಗನ್ನಿಸುತ್ತೆ. ಚೆನ್ನಾಗಿ ಕಾಣುವುದು, ಎಷ್ಟು ಜನ ತೆರೆದರು ಅನ್ನುವುದು ಅಂಗಡಿಯವರ ಲೆಕ್ಕ. ಚರ್ಚಿನ ಪತ್ರದಲ್ಲಿರುವುದು ಜನರ ಹೆಸರು. ಒಂದು ಹೆಸರು ಹಾಕಬೇಕಾದರೆ ಆ ಹೆಸರಿನವರಿಗೆ ಫೋನ್ ಮಾಡಿ, ಹಾಕುವ ಸಾಲನ್ನು ಓದಿ ಹೇಳಿ, ಅವರು ಹೂಂ ಅಂದ ಮೇಲೆ ಹಾಕಿ. ಅಜ್ಜ ಕರಡು ಪ್ರತಿ ತೋರಿಸದೆ ಒಂದು ಮದುವೆ ಕಾಗದವನ್ನೂ ಅಚ್ಚಿಗೆ ಬಿಡುತ್ತಿರಲಿಲ್ಲ. ನನಗದು ಗೊತ್ತಿತ್ತು, ಆದರೂ ಮಾಡಲಿಲ್ಲ.

ಕಾಯಿಲೆಯವರದ್ದು ಬರೀ ಮೊದಲ ಹೆಸರು ಸಾಕು. ಭಾನುವಾರದ ಪ್ರಾರ್ಥನೆಯಲ್ಲೂ ನಾವು ಓದುವುದು ಅಷ್ಟೇ. ಏನಾಗಿದೆ ಅಂತ ದೇವರಿಗೆ ಗೊತ್ತಿರುತ್ತೆ. ಆ ಪಟ್ಟಿ ಭಾನುವಾರ ಕೈಗೆ ಕೊಡುವ ಕಾಗದದಲ್ಲಿ ಇರಲಿ, ಮೇಲ್‌ನಲ್ಲಿ ಬೇಡವೇ ಬೇಡ. ನಾಲ್ಕು ವಾರ ಆದ ಮೇಲೆ ಹೆಸರು ಇರಲೋ ಬೇಡವೋ ಅಂತ ಅವರನ್ನೇ ಮತ್ತೆ ಕೇಳಿ. ಸುಮ್ನೆ ತೆಗೆದುಹಾಕಿದರೂ ನೋವಾಗುತ್ತೆ. ಸಾವಿನ ಸುದ್ದಿಯನ್ನು ಮನೆಯವರು ಹೇಳಿದ ಮೇಲೆ, ಅವರ ಮಾತಿನಲ್ಲೇ ಹಾಕಿ. ಮಕ್ಕಳ ಫೋಟೊಗೆ ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿ ಬೇಕು.

ಓದುವವರು ಕಡಿಮೆ ಅಂದಿರಲ್ಲ, ಎಂಟು ಗಂಟೆಯ ಆರಾಧನೆಗೆ ಬರುವವರನ್ನು ಕೇಳಿದ್ದೀರಾ? ನಮ್ಮಲ್ಲಿ ಅವರಲ್ಲಿ ಹೆಚ್ಚಿನವರು ಮೇಲ್ ನೋಡುವುದೇ ಇಲ್ಲ. ದೊಡ್ಡ ಅಕ್ಷರದಲ್ಲಿ ಇಪ್ಪತ್ತು ಪ್ರತಿ ತೆಗೆದು ಬಾಗಿಲ ಹತ್ತಿರ ಇಡುತ್ತೇನೆ, ಒಂದೂ ಉಳಿಯಲ್ಲ. ಮನೆಯಿಂದ ಹೊರಗೆ ಬರಲಾಗದವರಿಗೆ ಕರ್ತನ ಭೋಜನ ಒಯ್ಯುವವರು ಅದನ್ನೂ ಒಯ್ಯುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ಎಪಿಸ್ಕೋಪಲ್‌ನವರಿಗೆ ನಾರ್ಥೆಕ್ಸ್, ಅಂಡರ್‌ಕ್ರಾಫ್ಟ್, ಸ್ಯಾಕ್ರಿಸ್ಟಿ ಅನ್ನುವ ಕಟ್ಟಡದ ಭಾಗಗಳ ಹೆಸರೆಲ್ಲ ಬಾಯಿಪಾಠ. ನಾನು ಬಂದ ಮೊದಲ ಚಳಿಗಾಲ 'ಊಟ ಅಂಡರ್‌ಕ್ರಾಫ್ಟ್‌ನಲ್ಲಿ' ಅಂತ ಓದಿ, ಅದೆಲ್ಲಿ ಅಂತ ತಿಳಿಯದೆ ಹಿಮದಲ್ಲಿ ಕಟ್ಟಡ ಸುತ್ತಿ ಮನೆಗೆ ಹೋಗಿದ್ದೆ. 'ಕೆಳಗಿನ ಹಾಲ್, ಪಾರ್ಕಿಂಗ್ ಕಡೆಯ ಬಾಗಿಲು' ಅಂತ ಬರೆಯಿರಿ. ದಿನಸಿ ಹಂಚುವ ಕಡೆ ಏನು ಕಮ್ಮಿ ಇದೆ ಅನ್ನುವುದನ್ನು ಮೇಲೆಯೇ ಹಾಕಿ. 'ದಾನ ಮಾಡಿ' ಅಂದರೆ ಯಾರೂ ಕದಲಲ್ಲ, 'ಈ ವಾರ ಪೀನಟ್ ಬಟರ್ ಇಲ್ಲ' ಅಂದರೆ ಶನಿವಾರಕ್ಕೆ ಬರುತ್ತೆ.

ಈ ಸಲದ ಪತ್ರ ಕಳಿಸುವ ಮುಂಚೆ ಮೇಲ್ ಪಟ್ಟಿ ತೆರೆದು ಒಂದೊಂದೇ ಹೆಸರು ಓದಿ. ಗೊತ್ತಿಲ್ಲದ ಹೆಸರು ಬಂದರೆ ಗುರುತು ಹಾಕಿಕೊಂಡು, ಭಾನುವಾರ ಕಾಫಿಗೆ ನಿಂತಾಗ ನಿಮ್ಮ ಚರ್ಚಿನ ವಾರ್ಡನ್ (ಚರ್ಚ್ ನೋಡಿಕೊಳ್ಳುವ ಹಿರಿಯರು) ಅವರನ್ನು ಕೇಳಿ. ಯಾರು ಯಾರ ಮಗ ಅಂತ ಅವರಿಗೆ ಗೊತ್ತಿರುತ್ತೆ.